ದೇಶಕ್ಕೆ ನೀವೇನು ಕೊಟ್ಟಿರಿ ಅಂತ ನಮ್ಮೂರಿನವರನ್ನು ಕೇಳಬೇಡಿ

ಬೆಳಿಗ್ಗೆ ನಮ್ಮೂರಿನ ಶಾಲೆಯ ಆಗಸ್ಟ್ 15ರ ಧ್ವಜಾರೋಹಣಕ್ಕೆ ಹೋಗಿದ್ದೆ. ಶಿವಮೊಗ್ಗಕ್ಕೆ ವಾಪಸ್ ಬಂದು, ಊಟ ಮಾಡಿ, ಸ್ವಲ್ಪ ಹೊತ್ತು ಮಲಗಿ ಎದ್ದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಪುರುಸೊತ್ತಿದ್ದವರು ಓದಿ.

ಜಿಟಿಜಿಟಿ ಮಳೆ. ಮಕ್ಕಳು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಸಾಲಾಗಿ ನಿಂತಿದ್ದರು. ಮುಖ್ಯ ಅತಿಥಿ ತಡವಾಗಿ ಬಂದರು. ಅದಕ್ಕೆ ನನಗೆ ಬೇಜಾರಿಲ್ಲ. ಆಗಸ್ಟ್‌ನಲ್ಲಿ ನಮ್ಮ ಕಡೆ ರಸ್ತೆ ಹೇಗಿರುತ್ತೆ ಅಂತ ನನಗೂ ಗೊತ್ತು. ಬಾವುಟ ಹಾರಿತು, ಜನಗಣಮನ ಆಯಿತು, ನಾಡಗೀತೆ ಆಯಿತು. ಎಲ್ಲಾ ಚೆನ್ನಾಗಿತ್ತು. ಆಮೇಲೆ ಅತಿಥಿಗಳು ಮೈಕ್ ಹಿಡಿದು ಒಂದು ಮಾತು ಹೇಳಿದರು. 'ದೇಶ ನಮಗೆ ಏನು ಕೊಟ್ಟಿತು ಅಂತ ಕೇಳಬಾರದು. ದೇಶಕ್ಕೆ ನಾವೇನು ಕೊಟ್ಟೆವು ಅಂತ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.'

ಚಪ್ಪಾಳೆ ಬಿತ್ತು. ಹಿಂದೆ ಕೊಡೆ ಹಿಡಿದು ನಿಂತಿದ್ದ ನಮ್ಮ ಅತ್ತೆ ಕೂಡ ಚಪ್ಪಾಳೆ ಹೊಡೆದರು. ನನಗೆ ಕೈ ಎತ್ತೋಕೆ ಆಗಲಿಲ್ಲ.

ಈ ಮಾತನ್ನು ನೀವೂ ಕೇಳಿರುತ್ತೀರಿ. ಆಗಸ್ಟ್ 15, ಜನವರಿ 26 ಬಂದರೆ ಯಾವುದಾದರೂ ಒಂದು ಮೈಕಿನಲ್ಲಿ ಇದು ಬಂದೇ ಬರುತ್ತೆ. ಬೇರೆ ಊರಲ್ಲಿ ಹೇಳಿದ್ದರೆ ನಾನೂ ಸುಮ್ನೆ ಕೇಳಿಸಿಕೊಂಡು ಬರುತ್ತಿದ್ದೆನೇನೋ. ಆದರೆ ನಮ್ಮೂರಲ್ಲಿ ನಿಂತು? ನಮ್ಮೂರು ಎಂಥದ್ದು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಇಲ್ಲಿ ಮೂಲದವರು ಅಂತ ಯಾರೂ ಇಲ್ಲ. ಎಲ್ಲರೂ ಶರಾವತಿ ದಂಡೆಯಿಂದ ಎದ್ದು ಬಂದವರು. ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಲಾರಿಯಲ್ಲಿ ತಂದು ಇಳಿಸಿದ ಜನ.

ನಮ್ಮಜ್ಜ ಮನೆಯ ಬಾಗಿಲು, ತೊಲೆ, ನೇಗಿಲು, ಭತ್ತ ತುಂಬುವ ಪಣತದ ಹಲಗೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹಾಕಿಕೊಂಡು ಬಂದವರು. ಗದ್ದೆ ತರೋಕೆ ಆಗುತ್ತಾ? ಫಸಲು ಬರುತ್ತಿದ್ದ ಅಡಿಕೆ ತೋಟ ತರೋಕೆ ಆಗುತ್ತಾ? ಊರ ಭೂತಪ್ಪನ ಕಲ್ಲೂ ಅಲ್ಲೇ ಉಳಿಯಿತು. ಸಾಗರದ ಕಡೆಯಿಂದ ಹೊರಟ ಲಾರಿ ಶಿವಮೊಗ್ಗ ತಾಲ್ಲೂಕಿನ ಕಾಡಿನ ಅಂಚಿಗೆ ಬಂದು ನಿಂತಿತು. 'ಇದೇ ನಿಮ್ಮ ಜಾಗ' ಅಂದರು. ಅಲ್ಲಿ ಮರಗಳಿದ್ದವು, ಬಿದಿರಿನ ಮೆಳೆ ಇತ್ತು. ಅದನ್ನು ಕಡಿದು, ಗುಡಿಸಲು ಹಾಕಿ, ಗದ್ದೆ ಮಾಡಿಕೊಂಡರು. 1964ರಲ್ಲಿ ಅಣೆಕಟ್ಟು ಮುಗಿಯಿತು. ನೀರು ಏರಿತು. ಅಜ್ಜನ ಊರು ಅದರಡಿ ಹೋಯಿತು.

ಹೋಗಿದ್ದು ಅವರದ್ದೊಂದೇ ಊರಲ್ಲ. ಅದಕ್ಕೂ ಮೊದಲೇ ಶರಾವತಿಗೇ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟಿಗೆ ಕೆಲವರು ಜಾಗ ಬಿಟ್ಟಿದ್ದರು. ಕೊನೆಗೆ ಆ ಅಣೆಕಟ್ಟೂ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಜಾಸ್ತಿ ಇಳಿದ ವರ್ಷ ಅದರ ಕಟ್ಟೆ ಎದ್ದು ಕಾಣುತ್ತೆ. ಜನ ಫೋಟೋ ತೆಗೆಯೋಕೆ ಹೋಗುತ್ತಾರೆ.

ಆ ನೀರಿನಿಂದ ಶರಾವತಿ ವಿದ್ಯುದಾಗಾರ ನಡೆಯುತ್ತದೆ. ಅದರ ಶಕ್ತಿ 1035 ಮೆಗಾವ್ಯಾಟ್. ದಶಕಗಳ ಕಾಲ ಈ ರಾಜ್ಯದ ಕಾರ್ಖಾನೆ, ಬೀದಿದೀಪ, ಬೆಂಗಳೂರಿನ ಆಫೀಸು ಎಲ್ಲಕ್ಕೂ ಬೆಳಕು ಹೋಗಿದ್ದು ಹೆಚ್ಚಾಗಿ ಇಲ್ಲಿಂದಲೇ. ಹಿನ್ನೀರಿನ ಎಷ್ಟೋ ಹಳ್ಳಿಗಳಲ್ಲಿ ಮಾತ್ರ ಆಮೇಲೂ ಬಹಳ ವರ್ಷ ಬುಡ್ಡಿದೀಪವೇ ಇತ್ತು. ಹಾಗಾದರೆ ದೇಶಕ್ಕೆ ಏನು ಕೊಟ್ಟಿರಿ ಅಂತ ಯಾರನ್ನು ಕೇಳುತ್ತಿದ್ದೀರಿ ನೀವು?

ಅಣೆಕಟ್ಟು ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅಜ್ಜನೂ ಹಾಗೆ ಹೇಳಿದ್ದನ್ನು ಕೇಳಿಲ್ಲ. 'ಕರೆಂಟ್ ಬೇಕಿತ್ತು, ಕೊಟ್ಟಿವಿ' ಅಂತ ಸಲೀಸಾಗಿ ಹೇಳುತ್ತಿದ್ದರು. ಕೊಟ್ಟಿದ್ದಕ್ಕೆ ಅವರಿಗೆ ದುಃಖ ಇತ್ತು, ಕೋಪ ಇರಲಿಲ್ಲ. ಕೋಪ ಇದ್ದಿದ್ದು ಕಾಗದದ ಬಗ್ಗೆ. ಬದಲಿಗೆ ಕೊಟ್ಟ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಅರಣ್ಯ ಜಮೀನನ್ನು ಬೇರೆ ಕೆಲಸಕ್ಕೆ ಬಿಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಇಲ್ಲದೆ ಜಾಗವನ್ನು ಅರಣ್ಯದಿಂದ ಕೈಬಿಡೋಕೆ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಶನ್ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಎಲ್ಲಾ ಪಕ್ಷದವರೂ ಚುನಾವಣೆಗೆ ಬಂದಾಗ ಇದನ್ನು ಬಗೆಹರಿಸುತ್ತೇವೆ ಅಂದಿದ್ದಾರೆ. ಪಹಣಿಯಲ್ಲಿ ಹೆಸರಿಲ್ಲ ಅಂದರೆ ಬೆಳೆ ಸಾಲ ಇಲ್ಲ. ಬೆಳೆ ಹೋದರೆ ಪರಿಹಾರ ಇಲ್ಲ. ಮಗನಿಗೆ ಪಾಲು ಮಾಡಿ ಕೊಡೋಕೂ ಆಗಲ್ಲ. ಅಜ್ಜ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಳೇ ರಸೀದಿ, ನೋಟಿಸು, ಅರ್ಜಿಯ ನಕಲು ಎಲ್ಲಾ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಆಮೇಲೆ ಅಪ್ಪ ಅಲೆದರು. ಈಗ ಆ ಕವರ್ ನನ್ನ ಹತ್ತಿರ ಇದೆ. ಊರು ಮುಳುಗಿಸಿಕೊಂಡು ಬಂದವರ ಮೇಲೆ ಕಾಡು ಒತ್ತುವರಿ ಮಾಡಿದ ಆರೋಪ. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತೆ.

ಅಜ್ಜನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಅವರು ಒಂದು ವರ್ಷವೂ ಆಗಸ್ಟ್ 15 ತಪ್ಪಿಸಿದವರಲ್ಲ. ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಶಾಲೆಗೆ ಹೋಗುತ್ತಿದ್ದರು. ಎಷ್ಟೇ ಮಳೆ ಇರಲಿ, ಬಾವುಟ ಮೇಲೆ ಹೋಗುವಾಗ ತಲೆ ಮೇಲಿನ ಕಂಬಳಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದರು. ಕಾಲೇಜಿಗೆ ಹೋಗುತ್ತಿದ್ದಾಗ ನಾನು ಅವರ ಹತ್ತಿರ ಜಗಳ ಆಡಿದ್ದೇನೆ. ಇಷ್ಟೆಲ್ಲಾ ಕಳೆದುಕೊಂಡು ಯಾಕೆ ಹೋಗುತ್ತೀರಿ ಅಂತ. 'ಬಾವುಟ ಕಚೇರಿಯವರದ್ದಲ್ಲ ಕಣೇ, ನಂದು' ಅಂದರು. ಅಷ್ಟೇ. ಎದ್ದು ದನ ಕಟ್ಟೋಕೆ ಹೋದರು.

ಹಾಗಾಗಿ ನನಗೂ ಈ ದಿನವನ್ನು ಬಿಡೋಕೆ ಆಗಲ್ಲ. ಜನಗಣಮನ ಶುರುವಾದರೆ ಈಗಲೂ ಮೈ ಜುಂ ಅನ್ನುತ್ತೆ. ಮೈಕಿನಲ್ಲಿ ಮಾತು ಶುರುವಾದರೆ ಎದ್ದು ಹೋಗಬೇಕು ಅನಿಸುತ್ತೆ. ಎರಡೂ ನಿಜ. ಒಂದನ್ನು ಆರಿಸಿಕೊಳ್ಳಿ ಅಂತ ನನ್ನನ್ನು ಕೇಳಬೇಡಿ.

ನನ್ನ ಗೆಳತಿಯೊಬ್ಬಳಿಗೆ ಮಧ್ಯಾಹ್ನ ಫೋನ್ ಮಾಡಿ ಇದನ್ನೆಲ್ಲಾ ಹೇಳಿದೆ. 'ವರ್ಷಕ್ಕೆ ಒಂದು ದಿನನಾದ್ರೂ ದೂರು ಬದಿಗಿಟ್ಟು ಖುಷಿಯಾಗಿರು ಮಾರಾಯ್ತಿ. ಮಕ್ಕಳ ಮುಂದೆ ಇದೆಲ್ಲಾ ಯಾಕೆ?' ಅಂದಳು. ಅವಳ ಮನಸ್ಸು ಒಳ್ಳೆಯದು, ಅದು ನನಗೆ ಗೊತ್ತು. ಆದರೆ ಈ ಮಾತನ್ನು ನಾನು ಒಪ್ಪಲ್ಲ. ಉಳಿದ ದಿನ ನಮ್ಮ ಮಾತನ್ನು ಯಾರು ಕೇಳುತ್ತಾರೆ? ಊರಿಗೆ ಊರೇ ಒಂದು ಕಡೆ ಸೇರಿ, ಮೈಕ್ ಇಟ್ಟು, ಅಧಿಕಾರಿಗಳೂ ಬಂದು ಕೂರುವ ದಿನ ಇದು. ಅವತ್ತೂ ಹೇಳಬಾರದು ಅಂದರೆ ಇನ್ಯಾವತ್ತು? ಇನ್ನು ಮಕ್ಕಳ ವಿಷಯ. ತಮ್ಮ ಮುತ್ತಜ್ಜ ಎಲ್ಲಿಂದ ಬಂದರು ಅಂತ ಆ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ಇವತ್ತು ಕೇಳಿದೆ. ಒಬ್ಬ ಹುಡುಗ 'ಸಾಗರ' ಅಂದ. ಊರಿನ ಹೆಸರು ಹೇಳೋಕೆ ಯಾರಿಗೂ ಬರಲಿಲ್ಲ.

ಆ ಭಾಷಣದಲ್ಲಿ ನಮ್ಮ ಜಿಲ್ಲೆಯೇ ಇರಲಿಲ್ಲ. ದಂಡಿ ಬಂತು, ಜಲಿಯನ್‌ವಾಲಾಬಾಗ್ ಬಂತು. ಬರಲಿ, ಬರಲೇಬೇಕು. ಆದರೆ ಶಿಕಾರಿಪುರ ತಾಲ್ಲೂಕಿನ ಈಸೂರು ಎಲ್ಲಿ ಹೋಯಿತು? ನಮ್ಮೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದಾದಷ್ಟು ಹತ್ತಿರ. 1942ರಲ್ಲಿ ಆ ಊರಿನವರು ವೀರಭದ್ರ ದೇವರ ಗುಡಿ ಮೇಲೆ ಬಾವುಟ ಹಾರಿಸಿ, ನಾವು ಸ್ವತಂತ್ರರು ಅಂತ ಸಾರಿದರು. ತಮ್ಮದೇ ಸರ್ಕಾರ ಮಾಡಿಕೊಂಡು ಹುಡುಗರನ್ನು ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್‌ಸ್ಪೆಕ್ಟರ್ ಅಂತ ನೇಮಿಸಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಅಂದರು. ಪೊಲೀಸರು ಬಂದಾಗ ಗಲಾಟೆ ಆಗಿ ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಅದಾದ ಮೇಲೆ ಊರಿನ ಮೇಲೆ ಬಿದ್ದ ದಾಳಿಗೆ ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೆ ಹಾಕಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ.

ಈ ಐದು ಹೆಸರು ಹೇಳೋಕೆ ಎಷ್ಟು ಹೊತ್ತು ಬೇಕು?

ಈಸೂರಿನ ಕತೆ ಸುಲಭದ್ದಲ್ಲ, ಅದೂ ನನಗೆ ಗೊತ್ತು. ಅವತ್ತು ಸತ್ತ ಇಬ್ಬರು ಅಧಿಕಾರಿಗಳು ಬ್ರಿಟಿಷರಲ್ಲ. ಕನ್ನಡದವರೇ, ಮಹಾರಾಜರ ಸರ್ಕಾರದ ನೌಕರರು. ಅವರಿಗೂ ಹೆಂಡತಿ ಮಕ್ಕಳು ಇದ್ದಿರಬೇಕು. ಈ ಭಾಗ ಬಂದಾಗ ನನಗೆ ಪ್ರತಿ ಸಲ ಕಷ್ಟ ಆಗುತ್ತೆ. ಆದರೂ ಮಕ್ಕಳಿಗೆ ಇದನ್ನು ಪೂರ್ತಿ ಹೇಳಬೇಕು. ಸ್ವಾತಂತ್ರ್ಯ ಅಂದರೆ ಎಲ್ಲೋ ದೂರದಲ್ಲಿ ದೊಡ್ಡವರು ಮಾಡಿದ ಕೆಲಸ ಅಂತ ಅವರು ತಿಳಿದುಕೊಂಡಿದ್ದಾರೆ. ಗದ್ದೆ ಕೆಲಸದ ಜನ ಮಾಡಿದ್ದು, ತಪ್ಪು ಸರಿ ಎರಡೂ ಅದರಲ್ಲಿತ್ತು ಅಂತ ಗೊತ್ತಾಗಬೇಕಲ್ವಾ?

ನಾವು ಮೈಸೂರು ಸಂಸ್ಥಾನದವರು ಅನ್ನುವುದನ್ನೂ ಯಾರೂ ಹೇಳಲ್ಲ. 1947ರ ಆಗಸ್ಟ್ 15ಕ್ಕೆ ದೆಹಲಿಯಲ್ಲಿ ಬಾವುಟ ಹಾರಿದಾಗ ನಮ್ಮ ಕಡೆ ಇನ್ನೂ ಜನರ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಮಾಡಬೇಕಾಯಿತು. ಜನ ಮತ್ತೆ ಜೈಲಿಗೆ ಹೋದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ನಮ್ಮಲ್ಲಿ ಸ್ವಾತಂತ್ರ್ಯ ಕೇಳಿ ಪಡೆದದ್ದು. ಆಗಸ್ಟ್ 15 ಆದ ಮೇಲೂ ಕೇಳಿ ಪಡೆದದ್ದು.

ಗಣರಾಜ್ಯದ್ದೂ ಅದೇ ಕತೆ. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ. ಮರುವರ್ಷವೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕೂತರು. ಧಣಿಗಳು ಗೇಣಿ ಭತ್ತ ಅಳೆಯುತ್ತಿದ್ದ ದೊಡ್ಡ ಕೊಳಗದ ವಿರುದ್ಧ ಶುರುವಾದ ಹೋರಾಟ ಅದು. ರೈತ ನಾಯಕ ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ಭೂಮಿ ಅನ್ನುವ ಕಾನೂನು ಗಟ್ಟಿಯಾಗಿ ಕೈಗೆ ಬರೋಕೆ 1974ರ ತಿದ್ದುಪಡಿವರೆಗೆ ಕಾಯಬೇಕಾಯಿತು. ಕೇಳದೆ ಇದ್ದಿದ್ದರೆ ಬರುತ್ತಿತ್ತಾ? ದೇಶವನ್ನು ಕೇಳಬಾರದು ಅನ್ನುವವರು ಕಾಗೋಡಿಗೆ ಹೋಗಿ ಆ ಮಾತು ಹೇಳಲಿ ನೋಡೋಣ.

ನನಗೆ ನಿಜವಾಗಿ ಸ್ವಾತಂತ್ರ್ಯದ ಹಬ್ಬ ಅನಿಸಿದ ದಿನ ಯಾವುದು ಗೊತ್ತಾ? 2025ರ ಜುಲೈ 14. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆ ಆದ ದಿನ. ಹಿನ್ನೀರಿನ ಆಚೆ ದಡದ ತುಮರಿ ಕಡೆಯ ನಮ್ಮ ನೆಂಟರಿಗೆ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ, ಅಷ್ಟು ವರ್ಷ ಲಾಂಚ್ ಕಾಯಬೇಕಿತ್ತು. ಸಂಜೆ ಲಾಂಚ್ ನಿಂತರೆ ಕತ್ತಲೆಯಲ್ಲಿ ಕಾಡುದಾರಿ ಸುತ್ತಿ ಬರಬೇಕಿತ್ತು. 2.44 ಕಿಲೋಮೀಟರ್ ಸೇತುವೆ. ಟಿವಿಯಲ್ಲಿ ನೋಡುತ್ತಾ ನಾನು ಅತ್ತುಬಿಟ್ಟೆ. ಅಮ್ಮನೂ ಅತ್ತಳು. ಅವತ್ತು ಕ್ಯಾಲೆಂಡರಿನಲ್ಲಿ ರಜೆ ಇರಲಿಲ್ಲ, ಲಾಡೂ ಹಂಚಲಿಲ್ಲ. ಆದರೆ ದೇಶ ನಮ್ಮ ಕಡೆ ತಿರುಗಿ ನೋಡಿತು ಅನಿಸಿತು. ಎಷ್ಟು ವರ್ಷ ಕೇಳಿದ ಮೇಲೆ, ಎಷ್ಟು ಸಲ ಧರಣಿ ಕೂತ ಮೇಲೆ! ಅದನ್ನು ಕೊಟ್ಟ ಸರ್ಕಾರಕ್ಕೆ ನಾನು ಕೈ ಮುಗಿಯುತ್ತೇನೆ. ಕೇಳಿದ ಜನರಿಗೆ ಅದಕ್ಕಿಂತ ಮೊದಲು ಮುಗಿಯುತ್ತೇನೆ.

ಇವತ್ತು ವಾಪಸ್ ಬರುವಾಗ ಜೋಗದ ದಾರಿಗೆ ತಿರುಗುವ ಕಾರುಗಳ ಸಾಲು ನೋಡಿದೆ. ಹೊರಗಿನ ಊರುಗಳ ಗಾಡಿ, ಮುಂದೆ ಪುಟ್ಟ ಬಾವುಟ. ರಜೆ ಸಿಕ್ಕಿದೆ, ಬರಲಿ. ಜಲಪಾತ ನೋಡಿ ಖುಷಿಪಡಲಿ. ಅಷ್ಟು ಜನರಲ್ಲಿ ಒಬ್ಬರಾದರೂ ಮೇಲೆ ನಿಂತಿರುವ ನೀರಿನ ಅಡಿ ಏನಿದೆ ಅಂತ ಕೇಳಲಿ ಅನ್ನುವುದು ನನ್ನ ಆಸೆ. ನಮ್ಮ ಪೇಪರಿನವರು ಮಳೆಗಾಲದಲ್ಲಿ ದಿನಾ ಲಿಂಗನಮಕ್ಕಿಯ ಮಟ್ಟ ಹಾಕುತ್ತಾರೆ. ಗರಿಷ್ಠ 1819 ಅಡಿ, ಇಂದಿನ ಮಟ್ಟ ಇಷ್ಟು. ಅಣೆಕಟ್ಟು ತುಂಬಿತು ಅಂತ ಎಲ್ಲರೂ ಸಂತೋಷಪಡುವಾಗ ಅಜ್ಜ ಆ ಸುದ್ದಿ ಓದದೆ ಪುಟ ತಿರುಗಿಸುತ್ತಿದ್ದರು.

ಬರುವ ದಾರಿಯಲ್ಲೇ ಗದ್ದೆಯಲ್ಲಿ ಹೆಂಗಸರು ನಾಟಿ ಮಾಡುತ್ತಿದ್ದರು. ಫ್ಯಾಕ್ಟರಿಯಲ್ಲಿ ಇರುವವರಿಗೆ ಇವತ್ತು ಸಂಬಳ ಸಹಿತ ರಜೆ ಅಂತ ಕಾನೂನೇ ಇದೆ. ಕೂಲಿಗೆ ಹೋಗುವವರಿಗೆ ರಜೆ ಅಂದರೆ ಕೂಲಿ ಇಲ್ಲ ಅಂತ. ಅವರನ್ನು ಧ್ವಜಾರೋಹಣಕ್ಕೆ ಯಾಕೆ ಬರಲಿಲ್ಲ ಅಂತ ಕೇಳುವ ಧೈರ್ಯ ನನಗಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಮೇಷ್ಟ್ರ ಹತ್ತಿರ ಮಾತಾಡಿದ್ದೇನೆ. ಜನವರಿ 26ಕ್ಕೆ ಹೊರಗಿನ ಅತಿಥಿ ಬೇಡ ಅಂದೆ. ಲಾರಿಯಲ್ಲಿ ಬಂದವರ ಪೈಕಿ ನಮ್ಮೂರಲ್ಲಿ ಇನ್ನೂ ಕೆಲವರು ಬದುಕಿದ್ದಾರೆ. ಆಗ ಅವರು ಚಿಕ್ಕ ಮಕ್ಕಳು, ಈಗ ಕೋಲು ಹಿಡಿದು ನಡೆಯುವವರು. ಅವರಲ್ಲಿ ಒಬ್ಬರು ಬಾವುಟ ಹಾರಿಸಲಿ, ತಮ್ಮ ಊರು ಹೇಗಿತ್ತು ಅಂತ ಹೇಳಲಿ. ಮಕ್ಕಳು ಸಂವಿಧಾನದ ಪೀಠಿಕೆ ಓದಲಿ, ಅದರ ಜೊತೆಗೆ ಮುಳುಗಿದ ಊರುಗಳ ಹೆಸರನ್ನೂ ಓದಲಿ. ಮೇಷ್ಟ್ರು ಸ್ವಲ್ಪ ಯೋಚಿಸಿ, ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಸಮಿತಿಯಲ್ಲಿ, ಕೇಳಿ ಹೇಳುತ್ತೇನೆ ಅಂದರು. ಅವರು ಒಪ್ಪುತ್ತಾರೆ ಅಂತ ನನಗೆ ನಂಬಿಕೆ ಇದೆ. ಒಪ್ಪದಿದ್ದರೆ ಮತ್ತೆ ಹೋಗಿ ಕೇಳುತ್ತೇನೆ.

ಹೆಸರುಗಳನ್ನು ಈಗಿನಿಂದಲೇ ಬರೆದುಕೊಳ್ಳುತ್ತಿದ್ದೇನೆ. ಅಮ್ಮನ ಕಡೆಯಿಂದ, ಅತ್ತೆಯ ಕಡೆಯಿಂದ ಒಂದಷ್ಟು ಸಿಕ್ಕಿವೆ. ಸಾಗರ, ಹೊಸನಗರ ಕಡೆಯಿಂದ ಎದ್ದು ಬಂದ ಕುಟುಂಬದವರು ಇದನ್ನು ಓದುತ್ತಿರುವವರಲ್ಲಿ ಬಹಳ ಜನ ಇದ್ದೀರಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಹಳೇ ಊರಿನ ಹೆಸರು, ಪಕ್ಕದ ಊರುಗಳ ಹೆಸರು, ಅಲ್ಲಿದ್ದ ದೇವರು, ಕೆರೆ, ಏನು ನೆನಪಿದೆಯೋ ಕೇಳಿ ನನಗೆ ಮೆಸೇಜ್ ಮಾಡಿ. ಡಿಸೆಂಬರ್ ಒಳಗೆ ಕಳಿಸಿದರೆ ಒಳ್ಳೆಯದು. ಮಕ್ಕಳಿಗೆ ಓದಿ ಅಭ್ಯಾಸ ಮಾಡೋಕೆ ಸಮಯ ಬೇಕು.