ಒಂದು ಪೌಂಡಿಗೆ ಒಂದು ಕ್ಲಬ್

ಇಂಗ್ಲೆಂಡಿನಲ್ಲಿ ಒಂದು ಪೌಂಡಿಗೆ ಏನು ಬರುತ್ತದೆ? ಒಳ್ಳೆಯ ಹೋಟೆಲಿನಲ್ಲಿ ಒಂದು ಕಪ್ ಚಹಾ ಬರುವುದಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಮಾರುವ ಬಿಸಿ ಪೈ ಕೇಳಿದರೆ ಅಂಗಡಿಯವನು ಮುಖ ನೋಡಿ ನಗುತ್ತಾನೆ. ಆದರೆ ಅದೇ ಮೈದಾನದ ಕ್ಲಬ್ ಬರುತ್ತದೆ. ಆಟಗಾರರು, ಕೋಚು, ಗೋಲ್ ಕಂಬ, ಹುಲ್ಲು ಕತ್ತರಿಸುವ ಯಂತ್ರ, ನೂರು ವರ್ಷದ ಇತಿಹಾಸ, ಮಳೆಯಲ್ಲಿ ನೆನೆಯುತ್ತಾ ಕೂಗುವ ಕೆಲವು ಸಾವಿರ ಜನ, ಎಲ್ಲ ಸೇರಿ ಒಂದು ಪೌಂಡ್.

ಸುಮ್ನೆ ಹೇಳುತ್ತಿಲ್ಲ. 1982ರಲ್ಲಿ ಕೆನ್ ಬೇಟ್ಸ್ ಅನ್ನುವ ಉದ್ಯಮಿ ಲಂಡನ್ನಿನ ಚೆಲ್ಸಿ ಕ್ಲಬ್ಬನ್ನು ಕೊಂಡದ್ದು ಒಂದು ಪೌಂಡಿಗೆ. ಆಗ ಅದು ಎರಡನೇ ಡಿವಿಷನ್ನಿನಲ್ಲಿ ಒದ್ದಾಡುತ್ತಿತ್ತು. 2001ರಲ್ಲಿ ಸ್ವಾನ್ಸೀ, ಒಂದು ಪೌಂಡ್. 2010ರಲ್ಲಿ ನಾಟ್ಸ್ ಕೌಂಟಿ, ಒಂದು ಪೌಂಡ್. 2011ರಲ್ಲಿ ಗಡಿಯಾಚೆ ಸ್ಕಾಟ್ಲೆಂಡಿನ ರೇಂಜರ್ಸ್, ಅದೂ ಒಂದೇ ಪೌಂಡ್. 2018ರ ಡಿಸೆಂಬರಿನಲ್ಲಿ ಬರಿ, ಮತ್ತೆ ಒಂದು ಪೌಂಡ್. ಈ ಮೂವತ್ತಾರು ವರ್ಷದಲ್ಲಿ ಹಾಲು, ಬ್ರೆಡ್ಡು, ಮನೆ ಬಾಡಿಗೆ ಎಲ್ಲವೂ ಏರಿದವು. ಬೆಲೆ ಏರದೆ ಉಳಿದ ಸರಕು ಇದೊಂದೇ ಇರಬೇಕು. ಕ್ಲಬ್ಬಿನ ಜೊತೆ ಅದರ ಸಾಲವೂ ಬರುತ್ತದೆ, ಅದಕ್ಕೇ ಈ ಬೆಲೆ.

ಬರಿ ಅಂದೆನಲ್ಲ, ಅದು ಮ್ಯಾಂಚೆಸ್ಟರ್ ಪಕ್ಕದ ಊರು. ಇಂಗ್ಲಿಷರ ಬಾಯಲ್ಲಿ ಅದು ‘ಬೆರಿ’. ನಾನು ಅಕ್ಷರ ನೋಡಿ ಬರಿ ಅಂತಲೇ ಬರೆಯುತ್ತೇನೆ. ಕಥೆಗೆ ಆ ಹೆಸರೇ ಸರಿ.

1885ರಲ್ಲಿ ಹುಟ್ಟಿದ ಕ್ಲಬ್ ಅದು. ಇಂಗ್ಲೆಂಡಿನ ಹಳೆಯ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ಪನ್ನು 1900 ಮತ್ತು 1903ರಲ್ಲಿ ಗೆದ್ದಿದೆ. ಎರಡನೇ ಸಲ ಫೈನಲ್‌ನಲ್ಲಿ ಡರ್ಬಿ ಕೌಂಟಿಗೆ ಹೊಡೆದದ್ದು 6–0. ಆ ಅಂತರವನ್ನು ಸರಿಗಟ್ಟಲು ಪಕ್ಕದೂರಿನ ಮ್ಯಾಂಚೆಸ್ಟರ್ ಸಿಟಿಗೆ 2019ರ ತನಕ ಬೇಕಾಯಿತು, ಅದೂ ಎಣ್ಣೆ ದೇಶದ ದುಡ್ಡು ಸುರಿದ ಮೇಲೆ. ಅದೇ 2019ರ ಏಪ್ರಿಲ್ ಕೊನೆಯಲ್ಲಿ ಬರಿಯ ಆಟಗಾರರು ನಾಲ್ಕನೇ ದರ್ಜೆಯಿಂದ ಮೂರನೇ ದರ್ಜೆಗೆ ಬಡ್ತಿ ಗೆದ್ದರು. ಸಂಬಳ ಮಾತ್ರ ಬಂದಿರಲಿಲ್ಲ. ಬಡ್ತಿ ಸಿಕ್ಕಿದೆ, ಸಂಬಳ ಕೇಳಬೇಡಿ ಅನ್ನುವ ಕಚೇರಿಗಳನ್ನು ನಾವೂ ನೋಡಿದ್ದೇವೆ. ಅಲ್ಲೆಲ್ಲ ಟಿವಿಯವರು ಬಂದು ಚಿತ್ರ ತೆಗೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಿಂದಿನ ಮಾಲೀಕರ ಕಾಲದಲ್ಲಿ ಅಲ್ಲೊಂದು ಯೋಜನೆ ನಡೆದಿತ್ತು. ಗಿಗ್ ಲೇನ್ ಮೈದಾನದ ಕಾರ್ ನಿಲ್ಲಿಸುವ ಜಾಗವನ್ನು ಒಂದೊಂದಾಗಿ ಬಿಡಿಬಿಡಿಯಾಗಿ ಹೂಡಿಕೆದಾರರಿಗೆ ಮಾರಿದ್ದರು. ಅಂದರೆ ಒಂದು ಕಾರು ನಿಲ್ಲುವಷ್ಟು ಬಿಳಿ ಗೆರೆಯ ಚೌಕಕ್ಕೆ ಸಾವಿರಗಟ್ಟಲೆ ಪೌಂಡ್, ಇಡೀ ಕ್ಲಬ್ಬಿಗೆ ಒಂದು ಪೌಂಡ್. ಹೊಸ ಮಾಲೀಕ ಸ್ಟೀವ್ ಡೇಲ್ ಆಮೇಲೆ ಬಿಬಿಸಿಗೆ ಹೇಳಿದರು: ಬರಿ ಅನ್ನುವ ಹೆಸರಲ್ಲಿ ಒಂದು ಫುಟ್‌ಬಾಲ್ ತಂಡ ಇದೆ ಅಂತಲೇ ತನಗೆ ಗೊತ್ತಿರಲಿಲ್ಲವಂತೆ. ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಸೊಪ್ಪು ಕೊಳ್ಳುವಾಗಲೂ ನಾವು ಒಂದು ಸಲ ಮೂಸಿ ನೋಡುತ್ತೇವೆ.

ಕ್ಲಬ್ ಕೈ ಬದಲಾಗುವಾಗ ಪಂದ್ಯಾವಳಿ ನಡೆಸುವ ಲೀಗಿನವರು ಏನು ಮಾಡುತ್ತಿದ್ದರು ಅಂತ ಕೇಳಬಹುದು. ಅವರಲ್ಲಿ ಒಂದು ಪರೀಕ್ಷೆ ಇದೆ. ಮೊದಲು ಅದಕ್ಕೆ ‘ಯೋಗ್ಯ ಮತ್ತು ಅರ್ಹ ವ್ಯಕ್ತಿ’ ಪರೀಕ್ಷೆ ಅಂತಲೇ ಹೆಸರಿತ್ತು. ನಾನು ಕಲ್ಪಿಸಿಕೊಂಡಂತೆ ಅದು ನಡೆಯುವುದು ಹೀಗೆ:

“ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಜೈಲಿಗೆ ಏನಾದ್ರೂ ಹೋಗಿದ್ರಾ?”

“ಇತ್ತೀಚೆಗೆ ಇಲ್ಲ ಸಾರ್.”

“ದುಡ್ಡಿದೆಯಾ?”

“ಇದೆ ಸಾರ್.”

“ತೋರಿಸ್ತೀರಾ?”

“ಕ್ಲಬ್ ಕೊಡಿ, ಆಮೇಲೆ ತೋರಿಸ್ತೀನಿ.”

“ಆಗ್ಲಿ. ಮರೀಬೇಡಿ ಮತ್ತೆ.”

ಕೊನೆಯ ಎರಡು ಸಾಲು ನನ್ನ ತಮಾಷೆ ಅಂದುಕೊಳ್ಳಬೇಡಿ. ಬರಿ ಕೈ ಬದಲಾದಾಗ ಹಣದ ಪುರಾವೆ ಲೀಗಿನ ಕೈಗೆ ಬಂದಿರಲೇ ಇಲ್ಲ. ಖರೀದಿ ಮುಗಿದ ಮೇಲೆ ಪುರಾವೆ ಕೊಡಲು ಆಗಿನ ನಿಯಮದಲ್ಲೇ ಅವಕಾಶವಿತ್ತು. ತಾಳಿ ಕಟ್ಟಿಸಿ, ಆಮೇಲೆ ಹುಡುಗನಿಗೆ ಕೆಲಸ ಇದೆಯಾ ಅಂತ ವಿಚಾರಿಸಿದ ಹಾಗೆ.

ನಾಟ್ಸ್ ಕೌಂಟಿಯದು ಇನ್ನೂ ಸೊಗಸು. 1862ರ ಕ್ಲಬ್, ಲೋಕದ ಅತಿ ಹಳೆಯ ವೃತ್ತಿಪರ ತಂಡ ಎಂಬ ಹೆಮ್ಮೆ. 2009ರಲ್ಲಿ ಅದು ನಾಲ್ಕನೇ ದರ್ಜೆಯಲ್ಲಿತ್ತು. ಮುಂಟೋ ಫೈನಾನ್ಸ್ ಅನ್ನುವ ಹೆಸರಲ್ಲಿ ಯಾರೋ ಬಂದರು. ಹಿಂದೆ ಅರಬ್ ದೇಶದ ದುಡ್ಡಿದೆ ಅಂದರು. ಜನ ನಂಬಿದರು. ಇಂಗ್ಲೆಂಡ್ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಸ್ವೆನ್ ಗೋರಾನ್ ಎರಿಕ್ಸನ್ ಬಂದು ಕೂತರು. ಇಂಗ್ಲೆಂಡಿಗೆ ಆಡಿದ್ದ ಡಿಫೆಂಡರ್ ಸಾಲ್ ಕ್ಯಾಂಪ್‌ಬೆಲ್ ಬಂದರು, ಮೋರ್ಕಂಬ್ ಎದುರು ಒಂದೇ ಒಂದು ಪಂದ್ಯ ಆಡಿ, 2–1ರಲ್ಲಿ ಸೋತು, ಬಂದ ದಾರಿಯಲ್ಲೇ ಹೊರಟುಹೋದರು. ಇಡೀ ಪ್ರಹಸನದಲ್ಲಿ ಪರಿಸ್ಥಿತಿ ಬೇಗ ಅರ್ಥವಾದದ್ದು ಅವರೊಬ್ಬರಿಗೇ. ಎರಿಕ್ಸನ್ ಅವರನ್ನು ಗಣಿ ವ್ಯವಹಾರದ ಹೆಸರಲ್ಲಿ ಉತ್ತರ ಕೊರಿಯಾಕ್ಕೂ ಕರೆದುಕೊಂಡು ಹೋಗಿದ್ದರು. ನಾಲ್ಕನೇ ದರ್ಜೆಯ ತಂಡಕ್ಕೆ ಒಬ್ಬ ಡಿಫೆಂಡರ್ ಬೇಕು ಅಂತ ಹೊರಟವರು ಪ್ಯೊಂಗ್‌ಯಾಂಗಿಗೆ ಹೇಗೆ ತಲುಪಿದರೋ, ಭೂಗೋಳ ಗೊತ್ತಿದ್ದವರು ಹೇಳಬೇಕು. ಪರದೆ ಸರಿದಾಗ ಹಿಂದೆ ಇದ್ದದ್ದು ಅರಬರಲ್ಲ, ವಂಚನೆಗೆ ಹಿಂದೆಯೇ ಶಿಕ್ಷೆಯಾಗಿದ್ದ ಒಬ್ಬ ಆಸಾಮಿ. ಪರೀಕ್ಷೆಯಲ್ಲಿ ಕ್ಲಬ್ಬಿನ ಮಾಲೀಕರು ಪಾಸಾಗಿದ್ದರು ಅನ್ನುವುದನ್ನು ಹೇಳಲೇಬೇಕು.

ಡಾರ್ಲಿಂಗ್ಟನ್ನಿನ ಜಾರ್ಜ್ ರೆನಾಲ್ಡ್ಸ್ ಮಾತ್ರ ಏನನ್ನೂ ಮುಚ್ಚಿಟ್ಟವರಲ್ಲ. ಹರೆಯದಲ್ಲಿ ತಿಜೋರಿ ಒಡೆದು ಜೈಲಿಗೆ ಹೋಗಿದ್ದೆ ಅಂತ ತಾವೇ ಹೇಳಿಕೊಳ್ಳುತ್ತಿದ್ದರು. ಆಮೇಲೆ ವ್ಯಾಪಾರದಲ್ಲಿ ದುಡ್ಡು ಮಾಡಿದರು, ಕ್ಲಬ್ ಕೊಂಡರು. ಪಂದ್ಯಕ್ಕೆ ಕೆಲವೇ ಸಾವಿರ ಜನ ಬರುವ ತಂಡಕ್ಕೆ 25,000 ಆಸನದ ಸ್ಟೇಡಿಯಂ ಕಟ್ಟಿಸಿ ತಮ್ಮ ಹೆಸರನ್ನೇ ಇಟ್ಟರು. ಊರಿನ ಜನಸಂಖ್ಯೆಯೇ ಒಂದು ಲಕ್ಷದ ಆಸುಪಾಸು! ಒಳಗೆ ಅಮೃತಶಿಲೆ, ಎಸ್ಕಲೇಟರ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಇಲ್ಲಿ ಇಡೀ ತೋಟವನ್ನೇ ಮುಡಿಸಿದ್ದರು. 2003ರ ಆಗಸ್ಟಿನಲ್ಲಿ ಸ್ಟೇಡಿಯಂ ತೆರೆಯಿತು, ಡಿಸೆಂಬರಿನಲ್ಲಿ ಕ್ಲಬ್ ದಿವಾಳಿಯ ಬಾಗಿಲಿಗೆ ಬಂತು. ಈಗ ಅಲ್ಲಿ ರಗ್ಬಿ ಆಡುತ್ತಾರೆ.

ಇಷ್ಟೆಲ್ಲ ಆದರೂ ಜನ ಯಾಕೆ ಕ್ಲಬ್ ಕೊಳ್ಳುತ್ತಾರೆ? ಲಾಟರಿ. ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ನಿಂದ ಪ್ರೀಮಿಯರ್ ಲೀಗಿಗೆ ಹತ್ತಿದರೆ ಟಿವಿ ಹಕ್ಕಿನ ದುಡ್ಡೇ ನೂರು ಮಿಲಿಯನ್ ಪೌಂಡ್ ದಾಟುತ್ತದೆ. ಹಾಗಾಗಿ ಎಲ್ಲರೂ ಈ ವರ್ಷ ಹತ್ತುತ್ತೇವೆ ಅಂತ ಸಾಲ ಮಾಡಿ ಸ್ಟ್ರೈಕರ್ ತರುತ್ತಾರೆ. 24 ತಂಡ, ಹತ್ತುವುದು 3. ಉಳಿದ 21 ತಂಡಗಳ ಲೆಕ್ಕ ಬರೆಯುವವರು ಕೂತು ಅಳುತ್ತಾರೆ. 2018-19ರಲ್ಲಿ ಚಾಂಪಿಯನ್‌ಶಿಪ್ ತಂಡಗಳು ಒಟ್ಟಾರೆ 100 ಪೌಂಡ್ ಗಳಿಸಿ 107 ಪೌಂಡ್ ಸಂಬಳ ಕೊಟ್ಟವು. ಬರೀ ಸಂಬಳ. ಕರೆಂಟ್ ಬಿಲ್ಲು, ಬಸ್ಸು, ಹುಲ್ಲಿನ ಬೀಜ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ನಷ್ಟಕ್ಕೆ ಮಿತಿ ಇದೆ, ಮೂರು ವರ್ಷಕ್ಕೆ 39 ಮಿಲಿಯನ್ ಪೌಂಡ್. ಮಿತಿ ಇಟ್ಟವರು ಒಂದು ಕಿಟಕಿ ತೆರೆದಿಟ್ಟಿದ್ದರು. ಡರ್ಬಿ ಕೌಂಟಿಯ ಮಾಲೀಕ 2018ರಲ್ಲಿ ತನ್ನ ಕ್ಲಬ್ಬಿನ ಸ್ಟೇಡಿಯಂ ಅನ್ನು ತನ್ನದೇ ಇನ್ನೊಂದು ಕಂಪನಿಗೆ ಸುಮಾರು 80 ಮಿಲಿಯನ್‌ಗೆ ಮಾರಿದರು. ಬಲಗೈ ಮಾರಿತು, ಎಡಗೈ ಕೊಂಡಿತು, ಪುಸ್ತಕದಲ್ಲಿ ಲಾಭ ಬಂತು. ಶೆಫೀಲ್ಡ್ ವೆನ್ಸ್‌ಡೇ ಕೂಡ ಇದನ್ನೇ ಮಾಡಿತು. ಪಾಪ, ಮಾರಾಟವನ್ನು ತಪ್ಪು ವರ್ಷದ ಲೆಕ್ಕಕ್ಕೆ ಬರೆದು ಸಿಕ್ಕಿಬಿತ್ತು. ಗಮನಿಸಿ, ತನಗೆ ತಾನೇ ಸ್ಟೇಡಿಯಂ ಮಾರಿಕೊಂಡದ್ದಕ್ಕೆ ಶಿಕ್ಷೆ ಆಗಲಿಲ್ಲ. ತಾರೀಖು ತಪ್ಪಿದ್ದಕ್ಕೆ ಆಯಿತು.

ಶಿಕ್ಷೆ ಯಾರಿಗೆ ಅನ್ನುವುದೇ ಈ ನಾಟಕದ ಮುಖ್ಯ ಅಂಕ. ಮಾಲೀಕ ಸಾಲ ಮಾಡುತ್ತಾನೆ. ಮಾಲೀಕ ತೆರಿಗೆ ಕಟ್ಟುವುದಿಲ್ಲ. ಕ್ಲಬ್ ದಿವಾಳಿಯ ಬಾಗಿಲಿಗೆ ಬಂದು, ಅದನ್ನು ನಡೆಸಲು ಹೊರಗಿನಿಂದ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಗುತ್ತದೆ. ಆಗ ಲೀಗ್ ಗಂಭೀರವಾಗಿ ಎದ್ದು ನಿಂತು ತಂಡದ 12 ಅಂಕ ಕಳೆಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಂತೂ ಎತ್ತು ಅಷ್ಟು ಹೊತ್ತಿಗೆ ಊರು ಬಿಟ್ಟಿರುತ್ತದೆ.

ಲೂಟನ್ ಕಥೆ ಕೇಳಿ. ಹಳೆಯ ಆಡಳಿತದವರು ಏಜೆಂಟರಿಗೆ ದುಡ್ಡು ಕೊಟ್ಟದ್ದರಲ್ಲಿ ತಪ್ಪು ಮಾಡಿದರು, ಕ್ಲಬ್ಬನ್ನು ಸಾಲದಲ್ಲಿ ಮುಳುಗಿಸಿದರು. ಅಭಿಮಾನಿಗಳೇ ಇದ್ದ ಹೊಸ ಗುಂಪೊಂದು ಬಂದು ಕ್ಲಬ್ಬನ್ನು ಎತ್ತಿಕೊಂಡಿತು. 2008-09ರ ಸೀಸನ್ ಶುರುವಾಗುವ ಮುಂಚೆಯೇ ಬಂತು ಉಡುಗೊರೆ: ಮೈನಸ್ 30. ಅದರ ಆಟಗಾರರು ವರ್ಷವಿಡೀ ಕಾದಾಡಿ 56 ಅಂಕ ಗಳಿಸಿದರು. ಟೇಬಲ್ಲಿನಲ್ಲಿ ಕಂಡದ್ದು 26. ಲೀಗಿನಿಂದಲೇ ಹೊರಗೆ ಬಿದ್ದರು. ಮನೆಗೆ ಬೆಂಕಿ ಬಿದ್ದಾಗ ನೀರು ಹೊತ್ತು ತಂದವನನ್ನು ಹಿಡಿದು, ಅಂಗಳ ಒದ್ದೆ ಮಾಡಿದೆ ಅಂತ ದಂಡ ಹಾಕಿದ ಹಾಗಾಯಿತು.

2020ರಲ್ಲಿ ವಿಗನ್. ಜೂನ್ ಮೊದಲ ವಾರ ಹೊಸ ಮಾಲೀಕರು ಬಂದರು. ಜುಲೈ 1ಕ್ಕೆ ಅವರೇ ಕ್ಲಬ್ಬನ್ನು ಆಡಳಿತಾಧಿಕಾರಿಗೆ ಒಪ್ಪಿಸಿದರು. ನಾಲ್ಕು ವಾರ! ಬಾಡಿಗೆ ಮನೆ ಬಿಡಬೇಕಾದರೂ ಅದಕ್ಕಿಂತ ಜಾಸ್ತಿ ದಿನದ ನೋಟಿಸ್ ಕೊಡುತ್ತಾರೆ. ತಂಡ ಆ ಸಿಟ್ಟಿನಲ್ಲೋ ಏನೋ ಹಲ್ ಸಿಟಿಯನ್ನು 8–0ರಲ್ಲಿ ಬಡಿಯಿತು. ಪ್ರಯೋಜನ ಇಲ್ಲ. 12 ಅಂಕ ಹೋಯಿತು, ಟೇಬಲ್ಲಿನ ನಡುವೆ ಇರಬೇಕಾದ ತಂಡ ಕೆಳಗಿನ ದರ್ಜೆಗೆ ಜಾರಿತು.

ಸಾಲ ಕೊಟ್ಟವರ ಸಾಲಿನಲ್ಲೂ ಜಾತಿ ಇದೆ. ಲೀಗಿನ ನಿಯಮದ ಪ್ರಕಾರ ಆಟಗಾರರಿಗೆ, ಬೇರೆ ಕ್ಲಬ್ಬುಗಳಿಗೆ ಇರುವ ಬಾಕಿಯನ್ನು ಪೂರ್ತಿ ತೀರಿಸಲೇಬೇಕು. ಉಳಿದವರಿಗೆ ಪೌಂಡಿಗೆ ಕೆಲವು ಪೆನ್ಸ್ ಸಿಕ್ಕರೆ ಪುಣ್ಯ. 2010ರಲ್ಲಿ ಪೋರ್ಟ್ಸ್‌ಮತ್ ಮುಳುಗಿದಾಗ ಸಾಲ ಕೊಟ್ಟವರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಕೂಡ ಇತ್ತು. ಪಂದ್ಯದ ದಿನ ಯಾರಾದರೂ ಕುಸಿದು ಬಿದ್ದರೆ ಓಡಿಬರುವ ಸ್ವಯಂಸೇವಕರ ಸಂಸ್ಥೆ ಅದು. ಲಕ್ಷಗಟ್ಟಲೆ ಸಂಬಳದ ಆಟಗಾರ ಮುಂದಿನ ಸಾಲಿನಲ್ಲಿ, ಸ್ಟ್ರೆಚರ್ ಹಿಡಿದವರು ಹಿಂದೆ. ತೆರಿಗೆ ಇಲಾಖೆ ಇದು ಅನ್ಯಾಯ ಅಂತ ಕೋರ್ಟಿಗೂ ಹೋಯಿತು. 2012ರಲ್ಲಿ ಸೋತು ಬಂತು.

ಈ ವ್ಯವಸ್ಥೆಯಲ್ಲಿ ನನಗೆ ಅಪಾರ ಗೌರವ ಇರುವುದು ಒಬ್ಬ ಬಸ್ ಡ್ರೈವರ್ ಮೇಲೆ. 2010ರ ಫೆಬ್ರವರಿಯಲ್ಲಿ ಚೆಸ್ಟರ್ ಸಿಟಿ ತಂಡ ಫಾರೆಸ್ಟ್ ಗ್ರೀನ್ ಎದುರು ಆಡಲು ಹೊರಡಬೇಕಿತ್ತು. ಬಸ್ಸಿನ ದುಡ್ಡು ಬಂದಿರಲಿಲ್ಲ. ಡ್ರೈವರ್ ಬಸ್ ಹೊರಡಿಸಲಿಲ್ಲ. ಪಂದ್ಯ ನಡೆಯಲಿಲ್ಲ. ಕೆಲವೇ ವಾರದಲ್ಲಿ ಕ್ಲಬ್ ಮುಚ್ಚಿತು. ಆಡಿಟರುಗಳು, ವಕೀಲರು, ಲೀಗಿನ ಸಮಿತಿಗಳು ವರ್ಷಗಟ್ಟಲೆ ಕೇಳದ ಪ್ರಶ್ನೆಯನ್ನು ಆತ ಬಂದು ಕೇಳಿದ: ದುಡ್ಡೆಲ್ಲಿ?

ಬರಿಗೆ ಮರಳೋಣ. 2019-20ರ ಸೀಸನ್ನಿಗೆ ಅದು ಮೈನಸ್ 12 ಅಂಕದಿಂದ ಶುರು ಮಾಡಬೇಕಿತ್ತು, ಒಂದು ಪಂದ್ಯವನ್ನೂ ಆಡಗೊಡಲಿಲ್ಲ. ಆಗಸ್ಟಿನಲ್ಲಿ ಕ್ಲಬ್ಬಿನ ಹಳೆಯ ನಿರ್ದೇಶಕಿಯೊಬ್ಬರು ಬಂದು ಗಿಗ್ ಲೇನಿನ ಮಳೆನೀರಿನ ಪೈಪಿಗೆ ಕೈಕೋಳ ಹಾಕಿಕೊಂಡು ಕೂತರು. ಗಡುವಿನ ದಿನ, 27ರಂದು, ಶನಿವಾರದ ಪಂದ್ಯ ನಡೆದೀತು ಅನ್ನುವ ಆಸೆಯಲ್ಲಿ ಅಭಿಮಾನಿಗಳು ಪೊರಕೆ, ಬಕೆಟ್ಟು ಹಿಡಿದು ಬಂದರು. ಕುರ್ಚಿ ಒರೆಸಿದರು, ಮೆಟ್ಟಿಲು ಗುಡಿಸಿದರು. ರಾತ್ರಿ ಸುದ್ದಿ ಬಂತು, ಲೀಗಿನಿಂದ ಉಚ್ಚಾಟನೆ. 125 ವರ್ಷ ಲೀಗಿನಲ್ಲಿದ್ದ ಕ್ಲಬ್. ಉಳಿದದ್ದು ಬರಿ ಮೈದಾನ, ಅದೂ ಗುಡಿಸಿ ಚೊಕ್ಕ ಮಾಡಿದ್ದು.

ಪೋರ್ಟ್ಸ್‌ಮತ್ ಜನ 2013ರಲ್ಲಿ ತಮ್ಮ ಕ್ಲಬ್ಬನ್ನು ತಾವೇ ಕೊಂಡರು. ಷೇರೊಂದಕ್ಕೆ 1,000 ಪೌಂಡ್. ಧಣಿಗಳು ಒಂದು ಪೌಂಡಿಗೆ ಇಡೀ ಕ್ಲಬ್ ಕೊಳ್ಳುವ ದೇಶದಲ್ಲಿ ಅಭಿಮಾನಿಗೆ ಮಾತ್ರ ಡಿಸ್ಕೌಂಟ್ ಇಲ್ಲ.

ಸರ್ಕಾರಕ್ಕೂ ಕೊನೆಗೆ ಎಚ್ಚರವಾಯಿತು. 2025ರ ಜುಲೈನಲ್ಲಿ ಕಾನೂನು ಬಂತು, ಫುಟ್‌ಬಾಲಿಗೇ ಒಬ್ಬ ಸ್ವತಂತ್ರ ನಿಯಂತ್ರಕ ಅಂತಾಯಿತು. ಅಕ್ಟೋಬರಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಆಡಳಿತಾಧಿಕಾರಿಯ ಕೈ ಸೇರಿತು. ಆಟಗಾರರಿಗೆ ತಿಂಗಳುಗಟ್ಟಲೆ ಸಂಬಳ ತಡವಾಗಿತ್ತು. ತಂಡ ಹೇಗೋ ಕೂಡಿಟ್ಟಿದ್ದ ಅಂಕ 6, ಕಳೆದದ್ದು 12. ಈಗ ಖಾತೆಯಲ್ಲಷ್ಟೇ ಅಲ್ಲ, ಟೇಬಲ್ಲಿನಲ್ಲೂ ಸಾಲ. ಆದರೆ ಊರಿನಲ್ಲಿ ಹಬ್ಬ! ಮಾಲೀಕ ತೊಲಗಿದ ಅಂತ, ಅಲ್ಲಿವರೆಗೆ ಬಹಿಷ್ಕಾರ ಹಾಕಿ ಒಂದು ಪೆನ್ನಿ ಖರ್ಚು ಮಾಡದೆ ಕೂತಿದ್ದ ಜನ ಕ್ಲಬ್ಬಿನ ಅಂಗಡಿ ಮುಂದೆ ಸಾಲು ನಿಂತರು. ಮೈನಸ್ 6 ಅಂಕದ ತಂಡದ ನೀಲಿ-ಬಿಳಿ ಅಂಗಿ ಕೊಳ್ಳಲು. ಅಂಥ ಒಂದು ಅಂಗಿಯ ದುಡ್ಡಿನಲ್ಲಿ ಬರಿಯಂಥ ಕ್ಲಬ್ಬುಗಳನ್ನು ಡಜನ್ ಲೆಕ್ಕದಲ್ಲಿ ಕೊಳ್ಳಬಹುದಿತ್ತು.