ನಮ್ಮವ್ವ ತಲೆಗೆ ಹಚ್ಚಿಕೊಳ್ಳುವವಳೇ ಅಲ್ಲ!

ನಿನ್ನೆ ಮಂಡ್ಯದಲ್ಲಿ ಬೀಗರ ಊಟ. ಮುದ್ದೆ ಮುರಿದು ಸಾರಿಗೆ ಅದ್ದಿದ್ದೆ ಅಷ್ಟೇ, ಎದುರಿಗೆ ಕೂತಿದ್ದ ದೂರದ ಸಂಬಂಧದ ಅತ್ತೆ ಶುರು ಮಾಡಿದರು. "ನಿಮ್ಮವ್ವ ಎಲ್ಲಾನೂ ತಲೆಗೆ ಹಚ್ಕೊಳೋರು ಕಣವ್ವ. ಅದ್ಕೇ ಮಿದುಳಿಗೆ ಬಂದ್ಬುಡ್ತು." ಪಕ್ಕದವರು ಹೂಂ ಅಂದರು. ಇನ್ನೊಬ್ಬರು ಅಲ್ಯೂಮಿನಿಯಂ ಪಾತ್ರೆ ಅಂದರು. ಸಾರು ಬಡಿಸುವ ಹುಡುಗನಿಗೂ ಒಂದು ಅಭಿಪ್ರಾಯ ಇತ್ತೇನೋ, ಪಾಪ, ಕೈಯಲ್ಲಿ ಬಕೆಟ್ ಇತ್ತು.

ನಮ್ಮವ್ವ ತಲೆಗೆ ಹಚ್ಚಿಕೊಳ್ಳುವವಳಾ? ನಿಮಗೆಲ್ಲ ಗೊತ್ತಲ್ಲ. ಚಿಲ್ಲರೆ ಇಲ್ಲ ಅಂದ ಕಂಡಕ್ಟರನ್ನು ಮದ್ದೂರಿನಿಂದ ಮಂಡ್ಯದವರೆಗೂ ಬೈದು, ಇಳಿಯುವಾಗ "ಮದ್ವೆ ಆಗಿದ್ಯೇನಪ್ಪ?" ಅಂತ ವಿಚಾರಿಸಿ ಬಂದವಳು. ದಿಂಬಿಗೆ ತಲೆ ಕೊಟ್ಟರೆ ಗೊರಕೆ.

ಅವಳಿಗೆ ಬಂದಿದ್ದು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ. ಡಾಕ್ಟರುಗಳು ಸಿಜೆಡಿ ಅಂತಾರೆ. ವರ್ಷಕ್ಕೆ 10 ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಎಲ್ಲರ ಮಿದುಳಲ್ಲೂ ಇರುವ ಒಂದು ಪ್ರೋಟೀನ್ ತಪ್ಪಾಗಿ ಮಡಚಿಕೊಳ್ಳುತ್ತದೆ, ಆಮೇಲೆ ಪಕ್ಕದ್ದನ್ನೂ ಹಾಗೇ ಮಾಡುತ್ತದೆ. ಅದಕ್ಕೆ ಪ್ರಿಯಾನ್ ಅಂತ ಹೆಸರಿಟ್ಟ ಸ್ಟ್ಯಾನ್ಲಿ ಪ್ರೂಸಿನರ್‌ಗೆ 1997ರಲ್ಲಿ ನೊಬೆಲ್ ಬಂತು. ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ಈ ಕಾಯಿಲೆ ಬಂದವರಲ್ಲಿ 100ಕ್ಕೆ ಸುಮಾರು 85 ಜನಕ್ಕೆ ಯಾಕೆ ಬಂತು ಅನ್ನುವುದಕ್ಕೆ ಕಾರಣವೇ ಸಿಗುವುದಿಲ್ಲ. ಅವ್ವನಿಗೂ ಸಿಗಲಿಲ್ಲ. ಯೋಚನೆಯಲ್ಲ, ಪಾತ್ರೆಯಲ್ಲ, ಸೊಸೆಯೂ ಅಲ್ಲ. (ಹೌದು, ಸೊಸೆಯ ಹೆಸರನ್ನೂ ಎಳೆದಿದ್ದರು.)

ಮೊದಲು ಮೆಟ್ಟಿಲು ಇಳಿಯುವಾಗ ತಡವರಿಸಿದಳು. ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು, ಕನ್ನಡಕ ಬದಲಾಯಿತು. ಆಮೇಲೆ ಮಾತು ಕಮ್ಮಿಯಾಯಿತು. ಖಿನ್ನತೆ ಅಂದರು, ಮಾತ್ರೆ ಕೊಟ್ಟರು. ನಮ್ಮವ್ವನಿಗೆ ಖಿನ್ನತೆ! ಚಮಚ ಬಿದ್ದ ಸದ್ದಿಗೆ ಮೈಯೆಲ್ಲ ಬೆಚ್ಚಿಬೀಳುವುದು ಶುರುವಾದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎಂಆರ್‌ಐ, ಇಇಜಿ ನೋಡಿ ಹೇಳಿದರು. ಯುಗಾದಿಗೆ ಒಬ್ಬಟ್ಟು ತಟ್ಟಿದವಳು ಗೌರಿ ಹಬ್ಬಕ್ಕೆ ಇರಲಿಲ್ಲ.

ಇನ್ನು ಗೂಗಲ್ ಪಂಡಿತರು. "ಹಸುವಿನ ಮಾಂಸದಿಂದ ಬರೋದಲ್ವಾ ಅದು?" ಅದು ಬೇರೆ ಬಗೆ ಸ್ವಾಮಿ, 1996ರಲ್ಲಿ ಬ್ರಿಟನ್‌ನಲ್ಲಿ ಗುರುತಿಸಿದ್ದು. "ಅಂಟುತ್ತಂತೆ, ಸೀರೆಗಳನ್ನು ಸುಟ್ಟುಬಿಡಿ" ಅಂದವರೂ ಇದ್ದಾರೆ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಅಂಟುವುದಿಲ್ಲ. ನಿನ್ನೆ ನಾನು ಉಟ್ಟಿದ್ದೇ ಅವಳ ಹಸಿರು ರೇಷ್ಮೆ ಸೀರೆ. "ಚೆನ್ನಾಗಿದೆ, ಎಲ್ಲಿ ತಗೊಂಡೆ?" ಅಂತ ಸೆರಗು ಹಿಡಿದು ನೋಡಿದ್ದು ಇದೇ ಅತ್ತೆ. ಅವ್ವನದು ಅಂದೆ. ಕೈ ಹಿಂದಕ್ಕೆ ಹೋಯಿತು.

ಪ್ರೀತಿಯಿಂದ ಕೇಳುತ್ತಾರೆ, ಬೇಜಾರು ಮಾಡ್ಕೋಬೇಡ ಅಂತ ನನ್ನ ತಮ್ಮ ಹೇಳುತ್ತಾನೆ. ಇರಬಹುದು. ಆದರೆ ನನಗೆ ಬೇರೆಯೇ ಕಾಣುತ್ತದೆ. ಅವ್ವ ಏನೋ ತಪ್ಪು ಮಾಡಿದ್ದಳು ಅಂತಾದರೆ ಇವರು ನಿಶ್ಚಿಂತೆಯಾಗಿ ಇನ್ನೊಂದು ಪೀಸ್ ಮಟನ್ ಹಾಕಿಸಿಕೊಳ್ಳಬಹುದು. ಸುಮ್ನೆ ಬಂತು ಅಂದರೆ ಯಾರಿಗೆ ಬೇಕಾದರೂ ಬರಬಹುದಲ್ಲ. ಅದನ್ನು ಕೇಳಲು ಯಾರಿಗೂ ಧೈರ್ಯ ಇಲ್ಲ. ಪ್ರೀತಿಯಂತೆ!

ನನಗೆ ಜಾಸ್ತಿ ಉರಿಯುವುದು ಇನ್ನೊಂದಕ್ಕೆ. ಎಲ್ಲರಿಗೂ ಆ ಕೊನೆಯ ತಿಂಗಳುಗಳೇ ಬೇಕು. ಅವಳ ಬಸ್ಸಾರು, ಅವಳ ಚೀಟಿ ವ್ಯವಹಾರ, ಅವಳ ಬಾಯಿ, ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಅವಳ ಕೈಯಲ್ಲಿ ಬೈಸಿಕೊಂಡವರು ಇಲ್ಲಿ ತುಂಬಾ ಜನ ಇದ್ದೀರಿ. ಯಾವುದಕ್ಕೆ, ಏನಂತ ಬೈದಿದ್ದಳು, ಕೆಳಗೆ ಬರೆಯಿರಿ. ಒಂದಕ್ಷರ ಬಿಡದೆ.