ವಿಶ್ವಾಸ ಬಟವಾಡೆಯಲ್ಲೂ ಕಾಣಬೇಕು

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವವರು ಕಾಯಿಲೆ ವಾಸಿಯಾಗಿದ್ದು, ಕುಡಿತ ಬಿಟ್ಟಿದ್ದು, ಮಗನಿಗೆ ಕೆಲಸ ಸಿಕ್ಕಿದ್ದು ಹೇಳುತ್ತಾರೆ. ಎಲ್ಲವೂ ದೇವರ ಕೃಪೆಯೇ. ಆದರೆ ಕೂಲಿ ಕೊಡುವ ರೀತಿ ಬದಲಾಯಿತು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತಾತನ ಕಾಲದಿಂದ ಕ್ರೈಸ್ತ ಮನೆತನ. ಬಳ್ಳಾರಿಗೂ ಸುವಾರ್ತೆ ಹೊಸದಲ್ಲ. 1810ರಲ್ಲೇ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು, ಕನ್ನಡ ಕಲಿತು, ಸತ್ಯವೇದದ, ಅಂದರೆ ಬೈಬಲಿನ, ಅನುವಾದಕ್ಕೆ ಕೈ ಹಾಕಿದರು. ಹಾಗಾಗಿ ಅರ್ಥವಾಗಲಿಲ್ಲ ಅನ್ನುವ ನೆಪ ನಮಗಿಲ್ಲ. ಆದರೂ ದಿನಾ ಬೆಳಗ್ಗೆ ಕೂತು ನಾನೇ ಓದತೊಡಗಿದ್ದು ಅಪ್ಪ ತೀರಿಕೊಂಡ ಮೇಲೆ.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುಸ್ವಾಮಿಯನ್ನು ನೋಡಲು ಮರ ಹತ್ತಿದ್ದು ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಇಳಿದ ಮೇಲೆ ಅವನು ಏನಂದ? ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್. ಈ ಮನೆಗೆ ರಕ್ಷಣೆ ಬಂತು ಅಂತ ಯೇಸುಸ್ವಾಮಿ ಹೇಳಿದ್ದು ಆ ಮಾತು ಕೇಳಿದ ಮೇಲೆ. ಸತ್ಯವೇದದಲ್ಲಿ ಲೂಕನ ಸುವಾರ್ತೆಯ 19ನೇ ಅಧ್ಯಾಯ ಓದಿ ನೋಡಿ. ಧರ್ಮೋಪದೇಶಕಾಂಡ 24ರಲ್ಲಿ ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು ಅಂತಿದೆ. ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಮುಟ್ಟುತ್ತದೆ ಅನ್ನುತ್ತದೆ ಯಾಕೋಬ 5. ಜೀನ್ಸ್ ಹೊಲಿಸುವ ಸಣ್ಣ ಘಟಕ ನಡೆಸುವ ನನಗೆ ಆ ವಚನ ದಾಟಿ ಮುಂದೆ ಹೋಗಲು ಆಗಲಿಲ್ಲ.

ಈ ಧಂದೆಯಲ್ಲಿ ಆರ್ಡರ್ ಕೊಟ್ಟ ಪಾರ್ಟಿಯಿಂದ ದುಡ್ಡು ಬಂದ ಮೇಲೆ ಬಟವಾಡೆ ಅನ್ನುವುದು ಹಳೇ ರೂಢಿ. ಪಾರ್ಟಿ ತಡ ಮಾಡಿದರೆ ದಾರ ಕತ್ತರಿಸುವ ಹೆಂಗಸರ ಮನೆಯಲ್ಲಿ ಒಲೆ ಉರಿಯೋದು ಹೇಗೆ? ಈಗ ನಮ್ಮಲ್ಲಿ ಕೆಲಸದವರಿಗೆ ಮಾಲು ಕೊಡುವ ಮೊದಲೇ ಪೀಸಿಗೆ ಎಷ್ಟು ಅಂತ ಹೇಳುತ್ತೇವೆ. ಎಣಿಕೆ ಬರೆದ ಚೀಟಿ ಅವರ ಕೈಯಲ್ಲೂ ಇರುತ್ತದೆ. ಶನಿವಾರ ಸಂಜೆ ಬಟವಾಡೆ, ಸಾಲ ತಂದಾದರೂ ಸರಿ. ಲಾಭ ಕಡಿಮೆಯಾಗಿದೆ, ನಿಜ. ತೀರಾ ಕಡಿಮೆ ರೇಟಿನ ಆರ್ಡರ್ ಬಿಡಬೇಕಾಯಿತು.

ಪ್ರಾರ್ಥನೆಯೂ ಬದಲಾಗಿದೆ. ಮೊದಲು ಆರ್ಡರ್‌ಗಾಗಿ ಬೇಡುತ್ತಿದ್ದೆ. ಈಗ ಕೆಲಸದವರ ಒಬ್ಬೊಬ್ಬರ ಹೆಸರು ಹಿಡಿದು ಬೇಡುತ್ತೇನೆ. ಹಾಗೆ ಬೇಡಿದ ಮೇಲೆ ಬೆಳಗ್ಗೆ ಅವರ ಮೇಲೆ ರೇಗುವುದು ಕಷ್ಟ. ಇದು ಒಂದೇ ರಾತ್ರಿಯಲ್ಲಿ ಆಗಿದ್ದಲ್ಲ, ಇನ್ನೂ ಆಗುತ್ತಲೇ ಇದೆ.

ಬರುವ ಲೆಂತಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಸಂಜೆ ಯಾಕೋಬ 5 ಓದೋಣ ಅಂತ ಪಾಸ್ಟರ್ ಹತ್ತಿರ ಕೇಳಿದ್ದೇನೆ, ಒಪ್ಪಿದ್ದಾರೆ. ಘಟಕ, ಅಂಗಡಿ, ಹೊಲ, ಏನೇ ನಡೆಸುತ್ತಿದ್ದರೂ ಬನ್ನಿ. ಕೂಲಿಗೆ ಹೋಗುವವರೂ ಬರಲಿ, ಅವರೇ ಮೊದಲು ಮಾತಾಡಲಿ.